ಮಾವನ ಅಂಗಡಿಯ ಹಳೇ ಲ್ಯಾಪ್‌ಟಾಪ್: ಒಂಬತ್ತು ಹಳದಿ ಗುರುತು ಮತ್ತು ಒಂದು ಕಟ್ಟರ್

ತಿಪಟೂರಿನಲ್ಲಿ ನನ್ನ ಸೋದರಮಾವನದು ರೇಡಿಯಂ ಸ್ಟಿಕರ್ ಅಂಗಡಿ. ಟ್ರ್ಯಾಕ್ಟರ್ ಟ್ರೇಲರಿನ ಹಿಂದೆ ‘ತಂದೆ ತಾಯಿ ಆಶೀರ್ವಾದ’, ಆಟೋ ಗಾಜಿನ ಮೇಲೆ ಮನೆದೇವರ ಹೆಸರು, ಅಂಗಡಿಗಳ ಬಾಗಿಲಿಗೆ ಬೋರ್ಡು. ಎಲ್ಲವನ್ನೂ ಕತ್ತರಿಸುವುದು ಒಂದೇ ಕಟ್ಟರ್. ಅದನ್ನು ಓಡಿಸುವುದು ಒಂದು ಡೆಲ್ ಲ್ಯಾಟಿಟ್ಯೂಡ್ ಇ6430. 2012ರ ಮಾದರಿ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಐ5 ಪ್ರೊಸೆಸರ್, 4 ಜಿಬಿ ರ‍್ಯಾಮ್, ವಿಂಡೋಸ್ 7ರ 32-ಬಿಟ್.

ಹೋದ ವಾರ ಅದರ ಹಾರ್ಡ್ ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡಿ ಬೂಟ್ ಆಗುವುದನ್ನೇ ನಿಲ್ಲಿಸಿತು. ಡಿಸ್ಕಿಗೆ ವಯಸ್ಸಾಗಿತ್ತು, ಅಷ್ಟೇ. ಮಾವ ಫೋನ್ ಮಾಡಿ, "ಜಾತ್ರೆ ಹತ್ತಿರ ಬಂತು ಕಣಪ್ಪಾ, ಹನ್ನೆರಡು ಆರ್ಡರ್ ಕೈಲಿದೆ" ಅಂದರು. ಹೊಸ ಕಂಪ್ಯೂಟರ್ ತರಬಹುದಿತ್ತು. ಆದರೆ ಕಟ್ಟರಿನ ಜೊತೆ ಬಂದ ಸಾಫ್ಟ್‌ವೇರ್ ಹಳೆಯದು, ಮಾವನ ಡಿಸೈನ್ ಎಲ್ಲಾ ಹಳೇ ನುಡಿ ಫಾಂಟಿನಲ್ಲಿವೆ, ಕೈ ಪಳಗಿರುವುದೂ ಅದರಲ್ಲೇ. ಹಾಗಾಗಿ ಅದೇ ಲ್ಯಾಪ್‌ಟಾಪ್, ಅದೇ ವಿಂಡೋಸ್ 7, ಹೊಸ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡಿಸ್ಕ್) ಎಂದು ತೀರ್ಮಾನಿಸಿದೆವು.

ವಿಂಡೋಸ್ ಹಾಕುವುದು ಅರ್ಧ ಗಂಟೆಯ ಕೆಲಸ. ಡ್ರೈವರ್‌ಗಳಿಗೆ (ಒಳಗಿನ ಒಂದೊಂದು ಭಾಗವನ್ನೂ ವಿಂಡೋಸ್ ಗುರುತಿಸಿ ಓಡಿಸಲು ಬೇಕಾದ ಸಣ್ಣ ಸಾಫ್ಟ್‌ವೇರ್‌ಗಳು) ಎರಡು ದಿನ ಹಿಡಿಯಿತು. ಏನೇನು ಮಾಡಿದೆ, ಎಲ್ಲಿ ಎಡವಿದೆ, ಎಲ್ಲವನ್ನೂ ಕ್ರಮವಾಗಿ ಬರೆದಿಟ್ಟಿದ್ದೇನೆ.

ಶುಕ್ರವಾರ ಮಧ್ಯಾಹ್ನ, ಸಾಮಾನು

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೊಂಡದ್ದು ಇಷ್ಟು. 240 ಜಿಬಿಯ 2.5 ಇಂಚಿನ ಎಸ್‌ಎಸ್‌ಡಿ, 1,650 ರೂಪಾಯಿ. ಹಳೇ ಡಿಸ್ಕನ್ನು ಹೊರಗಿನಿಂದ ಓದಲು ಯುಎಸ್‌ಬಿ–ಸಾಟಾ ಕೇಬಲ್, 320. ವೈರ್ ಇರುವ ಬಯೋಸ್ ಬ್ಯಾಟರಿ (ಬಯೋಸ್ ಅಂದರೆ ವಿಂಡೋಸಿಗೂ ಮೊದಲು ಎದ್ದು ಯಂತ್ರ ಶುರು ಮಾಡುವ ಪ್ರೋಗ್ರಾಂ; ತಾರೀಖು ನೆನಪಿಡಲು ಈ ಬ್ಯಾಟರಿ), 180. ಪೆನ್‌ಡ್ರೈವ್ ಒಂದು, 300. ಒಟ್ಟು 2,450 ರೂಪಾಯಿ. ಸ್ಕ್ರೂಡ್ರೈವರ್ ಮನೆಯಲ್ಲಿತ್ತು.

ಆ ಸಾಟಾ ಕೇಬಲ್ ಬೇಡ ಅಂತ ಅಂಗಡಿಯಲ್ಲಿ ಒಂದು ಸಲ ವಾಪಸ್ ಇಟ್ಟಿದ್ದೆ. ಡಿಸ್ಕೇ ಸತ್ತಿದೆಯಲ್ಲ, ಸುಮ್ನೆ ದುಡ್ಡು ಯಾಕೆ ಎಂದು. ಆಮೇಲೆ ಮಾವನ ಡಿಸೈನ್ ಫೈಲ್ ಏನಾದರೂ ಸಿಗಬಹುದು ಎಂದುಕೊಂಡು ತಗೊಂಡೆ. ಕೊನೆಗೆ ಕೆಲಸ ಉಳಿಸಿದ್ದು ಅದೇ ಕೇಬಲ್.

ಶುಕ್ರವಾರ ರಾತ್ರಿ 8:30, ಡಿಸ್ಕ್ ಬದಲು

ಬ್ಯಾಟರಿ ತೆಗೆದು, ಅಡಿಯಲ್ಲಿ ಡಿಸ್ಕಿನ ಸ್ಕ್ರೂ ಬಿಚ್ಚಿದರೆ ಡಿಸ್ಕ್ ಪಕ್ಕಕ್ಕೆ ಜಾರಿ ಹೊರಗೆ ಬರುತ್ತದೆ. ಅದರ ಚೌಕಟ್ಟನ್ನು ಎಸ್‌ಎಸ್‌ಡಿಗೆ ಹಾಕಿ ವಾಪಸ್ ತಳ್ಳಿದೆ. ಹತ್ತು ನಿಮಿಷ. ಲ್ಯಾಪ್‌ಟಾಪಿನ ಅಡಿಯಲ್ಲಿರುವ ಏಳು ಅಕ್ಷರದ ಸರ್ವಿಸ್ ಟ್ಯಾಗ್ (ಡೆಲ್ ಈ ಯಂತ್ರಕ್ಕೆ ಕೊಟ್ಟ ಗುರುತು) ಮತ್ತು ವಿಂಡೋಸ್ ಕೀಲಿಯ ಸ್ಟಿಕರ್ ಎರಡನ್ನೂ ಫೋನಿನಲ್ಲಿ ಫೋಟೋ ತೆಗೆದುಕೊಂಡೆ. ಕೀಲಿಯ ಅಕ್ಷರ ಅರ್ಧ ಅಳಿಸಿತ್ತು. ಟಾರ್ಚನ್ನು ಓರೆಯಾಗಿ ಹಿಡಿದಾಗ ಓದಲು ಬಂತು.

ಶುಕ್ರವಾರ ರಾತ್ರಿ 9:15, ಮೊದಲ ತಡೆ

ಪೆನ್‌ಡ್ರೈವಿನಿಂದ ವಿಂಡೋಸ್ 7 ಶುರುವಾಯಿತು. ಭಾಷೆ ಆರಿಸಿ ಮುಂದೆ ಹೋದ ತಕ್ಷಣ, ಸಿಡಿ/ಡಿವಿಡಿ ಡ್ರೈವಿನ ಡ್ರೈವರ್ ಸಿಗುತ್ತಿಲ್ಲ, ಕೊಡಿ ಎಂದು ಕೇಳಿತು. ನಾನು ಸಿಡಿ ಹಾಕಿಯೇ ಇಲ್ಲವಲ್ಲ! ಪೆನ್‌ಡ್ರೈವ್ ಕೆಟ್ಟಿದೆ ಅಂದುಕೊಂಡು ಮತ್ತೆ ವಿಂಡೋಸಿನ ಐಎಸ್‌ಒ ಫೈಲನ್ನು ಅದಕ್ಕೆ ಬರೆದೆ. ಮುಕ್ಕಾಲು ಗಂಟೆ ಹೋಯಿತು. ಮತ್ತೆ ಅದೇ ಮಾತು.

ಕಾರಣ ಬೇರೆ. ಪೆನ್‌ಡ್ರೈವನ್ನು ಯುಎಸ್‌ಬಿ 3.0 ಪೋರ್ಟಿಗೆ ಚುಚ್ಚಿದ್ದೆ. ವಿಂಡೋಸ್ 7 ಬಂದದ್ದು 2009ರಲ್ಲಿ, ಅದರೊಳಗೆ ಯುಎಸ್‌ಬಿ 3.0 ಡ್ರೈವರ್ ಇಲ್ಲ. ಬೂಟ್ ಆಗುವಾಗ ಬಯೋಸ್ ಓದಿ ಕೊಡುತ್ತದೆ. ಸೆಟಪ್ ತನ್ನ ಕಾಲ ಮೇಲೆ ನಿಂತ ತಕ್ಷಣ ಪೆನ್‌ಡ್ರೈವ್ ಅದಕ್ಕೆ ಕಾಣುವುದಿಲ್ಲ. ಯುಎಸ್‌ಬಿ 2.0 ಪೋರ್ಟಿಗೆ ಬದಲಾಯಿಸಿದೆ. ಒಂದೇ ಸಲಕ್ಕೆ ಮುಂದೆ ಹೋಯಿತು. 25 ನಿಮಿಷದಲ್ಲಿ ಡೆಸ್ಕ್‌ಟಾಪ್ ಬಂತು.

ಶುಕ್ರವಾರ ರಾತ್ರಿ 11, ಡಿವೈಸ್ ಮ್ಯಾನೇಜರ್

ಪರದೆಯ ಮೇಲೆ ಎಲ್ಲಾ ದೊಡ್ಡದಾಗಿ, ಎಳೆದ ಹಾಗೆ ಕಾಣುತ್ತಿತ್ತು. ಬೆಳಕು ಕಡಿಮೆ ಮಾಡುವ ಕೀ ಕೆಲಸ ಮಾಡಲಿಲ್ಲ. ಸ್ಟಾರ್ಟ್ ಮೆನುವಿನಲ್ಲಿ ಸ್ಲೀಪ್ ಮಂಕಾಗಿತ್ತು. ವೈಫೈ ಇಲ್ಲ, ತಂತಿ ನೆಟ್ಟೂ ಇಲ್ಲ. ಒಳಗಿನ ಭಾಗಗಳನ್ನೆಲ್ಲ ಪಟ್ಟಿ ಮಾಡಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆದು ‘ಅದರ್ ಡಿವೈಸಸ್’ ಕೆಳಗೆ ಎಣಿಸಿದೆ, ಒಂಬತ್ತು ಹಳದಿ ಗುರುತು. ಡ್ರೈವರ್ ಸಿಗದ ಭಾಗಕ್ಕೆ ಬೀಳುವ ಗುರುತು ಇದು.

ಇಲ್ಲಿ ಒಂದು ವಿಷಯ ಗಮನಿಸಿ. ಗ್ರಾಫಿಕ್ಸ್ ಈ ಒಂಬತ್ತರಲ್ಲಿ ಇರಲಿಲ್ಲ. ಅದು ‘ಸ್ಟ್ಯಾಂಡರ್ಡ್ ವಿಜಿಎ ಗ್ರಾಫಿಕ್ಸ್ ಅಡಾಪ್ಟರ್’ ಎಂಬ ಹೆಸರಿನಲ್ಲಿ ಸರಿಯಾಗಿರುವಂತೆ ಕೂತಿತ್ತು. ಟಚ್‌ಪ್ಯಾಡ್ ಕೂಡ ‘ಪಿಎಸ್/2 ಮೌಸ್’ ಎಂದು ತೋರಿಸಿ ಓಡುತ್ತಿತ್ತು, ಸ್ಕ್ರೋಲ್ ಮಾತ್ರ ಇಲ್ಲ. ಅಂದರೆ ಹಳದಿ ಗುರುತು ಇಲ್ಲ ಎಂದಮಾತ್ರಕ್ಕೆ ಸರಿಯಾದ ಡ್ರೈವರ್ ಇದೆ ಎಂದಲ್ಲ. ಹೆಸರನ್ನೂ ಓದಬೇಕು.

ಹೆಸರು ಓದಿದರೆ ಸಾಲದ ಕಡೆ ಹಾರ್ಡ್‌ವೇರ್ ಐಡಿ ನೋಡಬೇಕು. ಸಾಧನದ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡೀಟೇಲ್ಸ್, ಅಲ್ಲಿ ‘ಹಾರ್ಡ್‌ವೇರ್ ಐಡಿಸ್’. ‘ವೆನ್’ ಆದಮೇಲೆ ಬರುವ ನಾಲ್ಕು ಅಂಕಿ ಕಂಪನಿಯದು, ‘ಡೆವ್’ ಆದಮೇಲೆ ಬರುವುದು ಸಾಧನದ್ದು. 8086 ಅಂದರೆ ಇಂಟೆಲ್. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು ಹೀಗಿದೆ:

ಈಥರ್ನೆಟ್ ಕಂಟ್ರೋಲರ್ – 8086, 1502 – ಇಂಟೆಲ್ 82579ಎಲ್‌ಎಂ, ತಂತಿ ನೆಟ್.
ನೆಟ್‌ವರ್ಕ್ ಕಂಟ್ರೋಲರ್ – 8086, 0085 – ಇಂಟೆಲ್ ಸೆಂಟ್ರಿನೊ 6205, ವೈಫೈ.
ಎಸ್‌ಎಂ ಬಸ್ ಕಂಟ್ರೋಲರ್ – 8086, 1ಇ22 – ಚಿಪ್‌ಸೆಟ್.
ಪಿಸಿಐ ಸಿಂಪಲ್ ಕಮ್ಯುನಿಕೇಷನ್ಸ್ – 8086, 1ಇ3ಎ – ಇಂಟೆಲ್ ಮ್ಯಾನೇಜ್‌ಮೆಂಟ್ ಇಂಜಿನ್.
ಪಿಸಿಐ ಸೀರಿಯಲ್ ಪೋರ್ಟ್ – 8086, 1ಇ3ಡಿ – ಅದೇ ಇಂಜಿನ್ನಿಗೆ ಸೇರಿದ ಸೀರಿಯಲ್ ಪೋರ್ಟ್.
ಯುಎಸ್‌ಬಿ ಕಂಟ್ರೋಲರ್ – 8086, 1ಇ31 – ಯುಎಸ್‌ಬಿ 3.0.
ಮಾಸ್ ಸ್ಟೋರೇಜ್ ಕಂಟ್ರೋಲರ್ – 1217, 8221 – ಓ2 ಮೈಕ್ರೊ, ಮೆಮೊರಿ ಕಾರ್ಡ್ ಓದುವ ಭಾಗ.
ಬ್ರಾಡ್‌ಕಾಮ್ ಯುಎಸ್‌ಎಚ್ – ಸ್ಮಾರ್ಟ್ ಕಾರ್ಡಿನ ಭದ್ರತಾ ಚಿಪ್.
ಅನ್‌ನೋನ್ ಡಿವೈಸ್ – ಎಸಿಪಿಐ, ಎಸ್‌ಎಂಒ8800.

ಐದನೇ ಸಾಲಿನ ಸೀರಿಯಲ್ ಪೋರ್ಟನ್ನು ನೆನಪಿಟ್ಟುಕೊಳ್ಳಿ. ಆಗ ನಾನು ಅದಕ್ಕೆ ಬೆಲೆ ಕೊಡಲಿಲ್ಲ.

ಶನಿವಾರ ಬೆಳಿಗ್ಗೆ 7, ನೆಟ್ ಇಲ್ಲದೆ ಡ್ರೈವರ್ ತರುವುದು

ಫೋನನ್ನು ಯುಎಸ್‌ಬಿ ಕೇಬಲಿನಲ್ಲಿ ಸಿಕ್ಕಿಸಿ ಟೆದರಿಂಗ್ (ಫೋನಿನ ನೆಟ್ಟನ್ನು ಲ್ಯಾಪ್‌ಟಾಪಿಗೆ ಕೊಡುವುದು) ಹಾಕಿದೆ. ಆರ್‌ಎನ್‌ಡಿಐಎಸ್ ಎಂದು ಹತ್ತನೇ ಹಳದಿ ಗುರುತು ಬಂತು. ಇದಕ್ಕೆ ಡ್ರೈವರ್ ವಿಂಡೋಸ್ 7ರ ಒಳಗೇ ಇದೆ, ಕೈಯಾರೆ ತೋರಿಸಬೇಕು. ಅಪ್‌ಡೇಟ್ ಡ್ರೈವರ್, ಬ್ರೌಸ್, ‘ಲೆಟ್ ಮಿ ಪಿಕ್’, ನೆಟ್‌ವರ್ಕ್ ಅಡಾಪ್ಟರ್ಸ್, ಮೈಕ್ರೋಸಾಫ್ಟ್ ಕಾರ್ಪೊರೇಷನ್, ‘ರಿಮೋಟ್ ಎನ್‌ಡಿಐಎಸ್ ಬೇಸ್ಡ್ ಇಂಟರ್ನೆಟ್ ಶೇರಿಂಗ್ ಡಿವೈಸ್’. ನೆಟ್ ಬಂತು.

ಬಂದರೂ ಪ್ರಯೋಜನ ಆಗಲಿಲ್ಲ. ಒಳಗಿದ್ದ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರ್ 8. ಈಗಿನ ಸುರಕ್ಷಿತ ಪುಟಗಳ ಜೊತೆ ಅದಕ್ಕೆ ಮಾತೇ ಹೊಂದುವುದಿಲ್ಲ. ಒಂದು ಪುಟವೂ ತೆರೆಯಲಿಲ್ಲ. ಒಂದು ಗಂಟೆ ಇದಕ್ಕೆ ಹೋಯಿತು.

ಸರಿಯಾದ ದಾರಿ ತುಂಬಾ ಸುಲಭವಿತ್ತು. ಫೋನಿನ ಬ್ರೌಸರಿನಲ್ಲೇ ಸರ್ವಿಸ್ ಟ್ಯಾಗ್ ಹಾಕಿ, ತಯಾರಕರ ಪುಟದಿಂದ ಒಂದೊಂದೇ ಡ್ರೈವರ್ ಇಳಿಸಿಕೊಂಡೆ. ಫೋನನ್ನು ‘ಫೈಲ್ ಟ್ರಾನ್ಸ್‌ಫರ್’ಗೆ ಹಾಕಿ, ಯುಎಸ್‌ಬಿ 2.0 ಪೋರ್ಟಿನಿಂದ ಲ್ಯಾಪ್‌ಟಾಪಿಗೆ ಎಳೆದುಕೊಂಡೆ. ಲ್ಯಾಪ್‌ಟಾಪಿಗೆ ನೆಟ್ಟೇ ಬೇಕಾಗಿರಲಿಲ್ಲ.

ಇದರಲ್ಲೂ ಎರಡು ತಪ್ಪು ಮಾಡಿದೆ. ಮೊದಲನೆಯದು, ಪುಟದಲ್ಲಿ ಆಪರೇಟಿಂಗ್ ಸಿಸ್ಟಮ್ ಆರಿಸುವಾಗ ವಿಂಡೋಸ್ 7 ಎಂಬುದನ್ನಷ್ಟೇ ನೋಡಿ 64-ಬಿಟ್ ಒತ್ತಿಬಿಟ್ಟಿದ್ದೆ. ಐದು ಫೈಲ್ ಇಳಿದ ಮೇಲೆ, ಗ್ರಾಫಿಕ್ಸ್ ಸೆಟಪ್ ಓಡಿಸಿದಾಗ ಇದು ಈ ವಿಂಡೋಸಿಗೆ ಹೊಂದುವುದಿಲ್ಲ ಎಂದಿತು. ಮತ್ತೆ ಎಲ್ಲವನ್ನೂ 32-ಬಿಟ್‌ನಲ್ಲಿ ಇಳಿಸಬೇಕಾಯಿತು. ಗ್ರಾಫಿಕ್ಸಿನ ಫೈಲೇ ದೊಡ್ಡದು, ಫೋನಿನ ಆ ದಿನದ ಡೇಟಾ ಅರ್ಧ ಮುಗಿಯಿತು.

ಎರಡನೆಯದು ಜಾಸ್ತಿ ಜನಕ್ಕೆ ಆಗುವಂಥದ್ದು. ಕೆಲವು ಡ್ರೈವರ್ ಫೈಲುಗಳು ಡಬಲ್ ಕ್ಲಿಕ್ ಮಾಡಿದರೆ ಬರೀ ಬಿಚ್ಚಿಕೊಳ್ಳುತ್ತವೆ. ‘ಮುಗಿಯಿತು’ ಎನ್ನುತ್ತವೆ. ಇನ್‌ಸ್ಟಾಲ್ ಆಗಿರುವುದಿಲ್ಲ. ನಾನು ಕಾರ್ಡ್ ರೀಡರಿನದ್ದನ್ನು ಮೂರು ಸಲ ಓಡಿಸಿ, ಮೂರು ಸಲ ರೀಸ್ಟಾರ್ಟ್ ಮಾಡಿದೆ. ಫೈಲುಗಳು ಸಿ ಡ್ರೈವಿನ ಡೆಲ್ ಫೋಲ್ಡರಿನ ಒಳಗೆ ಡ್ರೈವರ್ಸ್ ಎಂಬಲ್ಲಿ ಬಿಚ್ಚಿಕೊಂಡು ಸುಮ್ಮನೆ ಕೂತಿದ್ದವು. ಡಿವೈಸ್ ಮ್ಯಾನೇಜರಿನಿಂದ ಆ ಫೋಲ್ಡರ್ ತೋರಿಸಿ, ‘ಒಳಗಿನ ಫೋಲ್ಡರ್‌ಗಳನ್ನೂ ಹುಡುಕು’ ಎಂಬ ಗುರುತು ಹಾಕಿದ ಮೇಲೆ ಒಂದೇ ನಿಮಿಷಕ್ಕೆ ಕೂತಿತು.

ಶನಿವಾರ 10:30, ಬಯೋಸ್ ಬ್ಯಾಟರಿ ಮತ್ತು ನೀಲಿ ಪರದೆ

ಲ್ಯಾಪ್‌ಟಾಪಿನ ತಾರೀಖು ಪದೇ ಪದೇ ಹಿಂದಕ್ಕೆ ಹೋಗುತ್ತಿತ್ತು. ಬಯೋಸ್ ಬ್ಯಾಟರಿ ಚೀಲದಲ್ಲೇ ಉಳಿದಿತ್ತು, ರಾತ್ರಿ ಹಾಕಲು ಮರೆತಿದ್ದೆ. ಅಡಿಯ ಮುಚ್ಚಳ ಬಿಚ್ಚಿ, ಹಳೆಯದರ ವೈರ್ ಕಿತ್ತು, ಹೊಸದನ್ನು ಅಂಟಿಸಿದೆ. ಎಫ್2 ಒತ್ತಿ ಬಯೋಸಿಗೆ ಹೋಗಿ ತಾರೀಖು ಸರಿ ಮಾಡಿದೆ. ಅಲ್ಲಿಗೆ ಹೊರಗೆ ಬರಬೇಕಿತ್ತು. ಹಳೇ ಮಾಲೀಕರು ಏನೇನು ಬದಲಾಯಿಸಿದ್ದಾರೋ, ಎಲ್ಲಾ ಮೊದಲಿನ ಹಾಗೆ ಇರಲಿ ಎಂದು ‘ಲೋಡ್ ಡಿಫಾಲ್ಟ್ಸ್’ ಒತ್ತಿದೆ.

ವಿಂಡೋಸ್ ಲೋಗೋ ಬಂತು. ನೀಲಿ ಪರದೆ ಮಿಂಚಿ ಹೋಯಿತು. ಮತ್ತೆ ಲೋಗೋ, ಮತ್ತೆ ನೀಲಿ. ಎಫ್8 ಒತ್ತಿ, ತಾನಾಗಿಯೇ ರೀಸ್ಟಾರ್ಟ್ ಆಗುವುದನ್ನು ನಿಲ್ಲಿಸಿದ ಮೇಲೆ ಕೋಡ್ ಓದಲು ಸಿಕ್ಕಿತು. ಕೊನೆಯ ಎರಡಕ್ಷರ 7ಬಿ. ಅಂದರೆ ಬೂಟ್ ಆಗುವ ಡಿಸ್ಕೇ ವಿಂಡೋಸಿಗೆ ಸಿಗುತ್ತಿಲ್ಲ.

ಮಾವ ಟೀ ಹಿಡಿದು ಪಕ್ಕದಲ್ಲಿ ನಿಂತಿದ್ದರು. "ಏನಪ್ಪಾ, ಹೊಸ ಡಿಸ್ಕೂ ಹೋಯ್ತಾ?" ಅಂದರು. ನನ್ನ ಎದೆಯೂ ಧಸಕ್ ಎಂದಿತ್ತು. ಆದರೆ ಬಯೋಸಿನಲ್ಲಿ ಡಿಸ್ಕಿನ ಹೆಸರು ಕಾಣುತ್ತಿತ್ತು. ಹಾಗಾದರೆ ಡಿಸ್ಕ್ ಸರಿ ಇದೆ. ‘ಸಾಟಾ ಆಪರೇಷನ್’ ತೆರೆದು ನೋಡಿದೆ. ಡಿಸ್ಕಿನ ಜೊತೆ ಯಂತ್ರ ಯಾವ ಬಗೆಯಲ್ಲಿ ಮಾತಾಡಬೇಕು ಎಂದು ಆರಿಸುವ ಜಾಗ ಅದು. ವಿಂಡೋಸ್ ಹಾಕುವಾಗ ಎಎಚ್‌ಸಿಐ ಇತ್ತು. ಡಿಫಾಲ್ಟ್ ಒತ್ತಿದ್ದರಿಂದ ‘ರೇಡ್ ಆನ್’ ಆಗಿತ್ತು. ಎರಡಕ್ಕೂ ಬೇರೆ ಬೇರೆ ಡ್ರೈವರ್ ಬೇಕು. ವಾಪಸ್ ಎಎಚ್‌ಸಿಐ ಮಾಡಿದೆ, ಎದ್ದು ಬಂತು. ವಿಂಡೋಸ್ ಹಾಕಿದ ಮೇಲೆ ಆ ಒಂದು ಸಾಲನ್ನು ಮುಟ್ಟಬೇಡಿ. ಬಯೋಸಿಗೆ ಹೋಗುವ ಮೊದಲು ಆ ಪುಟದ ಫೋಟೋ ತೆಗೆದುಕೊಂಡರೆ ಇನ್ನೂ ಒಳ್ಳೆಯದು.

ಶನಿವಾರ 11:30ರಿಂದ 1:30, ಒಂದೊಂದಾಗಿ

ಈ ಭಾಗ ಸಲೀಸಾಗಿ ಹೋಯಿತು. ಮೊದಲು ಚಿಪ್‌ಸೆಟ್, ರೀಸ್ಟಾರ್ಟ್. ಎಸ್‌ಎಂ ಬಸ್ ಗುರುತು ಹೋಯಿತು. ಆಮೇಲೆ ತಂತಿ ನೆಟ್, ಯುಎಸ್‌ಬಿ 3.0, ಗ್ರಾಫಿಕ್ಸ್. ಗ್ರಾಫಿಕ್ಸ್ ಕೂತ ತಕ್ಷಣ ಪರದೆ ಒಮ್ಮೆ ಕಪ್ಪಾಗಿ, ಅಕ್ಷರಗಳೆಲ್ಲ ಚೂಪಾಗಿ ಬಂದವು. 1366×768. ಬೆಳಕಿನ ಕೀ ಕೆಲಸ ಮಾಡಿತು, ಸ್ಲೀಪ್ ಮರಳಿತು. ಆಮೇಲೆ ಮ್ಯಾನೇಜ್‌ಮೆಂಟ್ ಇಂಜಿನ್. ಇದನ್ನು ಹಾಕಿದರೆ ಸಿಂಪಲ್ ಕಮ್ಯುನಿಕೇಷನ್ಸ್, ಸೀರಿಯಲ್ ಪೋರ್ಟ್ ಎರಡೂ ಒಟ್ಟಿಗೆ ಹೋಗುತ್ತವೆ. ಒಂಬತ್ತರಲ್ಲಿ ಆರು ಮುಗಿದವು, ಮೊದಲೇ ಮುಗಿದಿದ್ದ ಕಾರ್ಡ್ ರೀಡರ್ ಸೇರಿ.

ತಂತಿ ನೆಟ್ ಕೂತ ಮೇಲೆ ಒಂದು ರಿಸ್ಟೋರ್ ಪಾಯಿಂಟ್ (ಮುಂದೆ ಏನಾದರೂ ಕೆಟ್ಟರೆ ವಿಂಡೋಸನ್ನು ಆ ಹೊತ್ತಿನ ಸ್ಥಿತಿಗೆ ವಾಪಸ್ ತರುವ ಗುರುತು) ಮಾಡಿಟ್ಟೆ. ಪ್ರತಿ ಎರಡು ಡ್ರೈವರಿಗೆ ಒಂದು ಮಾಡುತ್ತಾ ಹೋಗಬೇಕಿತ್ತು. ಒಂದಕ್ಕೇ ನಿಲ್ಲಿಸಿದೆ.

ಶನಿವಾರ ಮಧ್ಯಾಹ್ನ 2:30, ಅವಸರದ ತಪ್ಪು

ಇನ್ನೂ ಮೂರು ಉಳಿದಿದ್ದವು: ವೈಫೈ, ಬ್ರಾಡ್‌ಕಾಮ್ ಯುಎಸ್‌ಎಚ್, ಮತ್ತು ಆ ಅನ್‌ನೋನ್ ಡಿವೈಸ್. ಊಟ ಮುಗಿದಿತ್ತು, ಅಂಗಡಿಗೆ ಜನ ಬಂದು ವಾಪಸ್ ಹೋಗುತ್ತಿದ್ದರು. ಎಲ್ಲಾ ಡ್ರೈವರನ್ನೂ ತಾನೇ ಹುಡುಕಿ ಹಾಕುತ್ತದೆ ಎಂಬ ಒಂದು ಉಚಿತ ಸಾಫ್ಟ್‌ವೇರನ್ನು ಫೋನಿನಿಂದ ತಂದು ಓಡಿಸಿದೆ.

ಅದು ಸರಿ ಇದ್ದ ಟಚ್‌ಪ್ಯಾಡಿಗೆ ಬೇರೆ ಯಾವುದೋ ಮಾದರಿಯ ಡ್ರೈವರ್ ಹಾಕಿತು. ರೀಸ್ಟಾರ್ಟ್ ಆದ ಮೇಲೆ ಬಾಣವೇ ಅಲುಗಾಡಲಿಲ್ಲ. ಜೊತೆಗೆ ನಾನು ಕೇಳದ ಮೂರು ಪ್ರೋಗ್ರಾಂ ಸೇರಿಕೊಂಡಿದ್ದವು. ಹಳದಿ ಗುರುತು ಮೂರೂ ಹಾಗೇ ಇದ್ದವು.

ಯುಎಸ್‌ಬಿ ಮೌಸ್ ಸಿಕ್ಕಿಸಿ ಸಿಸ್ಟಮ್ ರಿಸ್ಟೋರ್ ಮಾಡಿದೆ. ಇದ್ದದ್ದು ತಂತಿ ನೆಟ್ಟಿನ ಹೊತ್ತಿನ ಒಂದೇ ಪಾಯಿಂಟ್ ತಾನೇ? ಅದರ ನಂತರ ಹಾಕಿದ ಯುಎಸ್‌ಬಿ 3.0, ಗ್ರಾಫಿಕ್ಸ್, ಇಂಜಿನ್ ಎಲ್ಲಾ ಅಳಿಸಿಹೋಯಿತು. ಮತ್ತೆ ಹಾಕಲು ಒಂದೂವರೆ ಗಂಟೆ. ಇಡೀ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇದು. ಐಡಿ ಬರೆದ ಪುಟ ನನ್ನ ಮುಂದೆಯೇ ಇತ್ತು. ಉಳಿದ ಮೂರಕ್ಕೆ ಅದನ್ನೇ ಹಿಡಿದು ಕೂತಿದ್ದರೆ ಸಾಕಿತ್ತು.

ಶನಿವಾರ ಸಂಜೆ 6, ಉಳಿದ ಮೂರು

ವೈಫೈಗೆ ಇಂಟೆಲ್ 6205 ಎಂದು ಖಚಿತವಾಗಿ ಗೊತ್ತಿದ್ದರಿಂದ ಐದು ನಿಮಿಷ ಸಾಕಾಯಿತು. ಇದೇ ಮಾದರಿಯ ಲ್ಯಾಪ್‌ಟಾಪಿನಲ್ಲಿ ಬೇರೆ ಕಂಪನಿಯ ವೈಫೈ ಕಾರ್ಡ್ ಹಾಕಿದ್ದೂ ಇರುತ್ತದೆ. ಪುಟದಲ್ಲಿ ಎರಡೂ ಪಟ್ಟಿಯಾಗಿರುತ್ತವೆ. ಐಡಿ ನೋಡದೆ ಇಳಿಸಿದರೆ ಅರ್ಧದಷ್ಟು ಸಲ ತಪ್ಪೇ ಆಗುತ್ತದೆ.

ಬ್ರಾಡ್‌ಕಾಮ್ ಯುಎಸ್‌ಎಚ್ ಎಂಬ ಹೆಸರಿನಲ್ಲಿ ಹುಡುಕಿದರೆ ಡ್ರೈವರ್ ಪಟ್ಟಿಯಲ್ಲಿ ಏನೂ ಸಿಗುವುದಿಲ್ಲ. ಅದು ಅಲ್ಲಿ ‘ಕಂಟ್ರೋಲ್‌ವಾಲ್ಟ್’ ಎಂಬ ಹೆಸರಿನಲ್ಲಿದೆ, ಭದ್ರತೆ ವಿಭಾಗದ ಕೆಳಗೆ. ಹಾಕಿದೆ, ಹೋಯಿತು.

ಎಸ್‌ಎಂಒ8800 ಏನೆಂದು ತಿಳಿದಾಗ ಖುಷಿಯಾಯಿತು. ಅದು ಬೀಳುವುದನ್ನು ಗುರುತಿಸುವ ಸೆನ್ಸರ್. ಲ್ಯಾಪ್‌ಟಾಪ್ ಮೇಜಿನಿಂದ ಜಾರಿದರೆ, ನೆಲ ಮುಟ್ಟುವ ಮೊದಲೇ ಹಾರ್ಡ್ ಡಿಸ್ಕಿನ ಓದುವ ಮುಳ್ಳನ್ನು ಪಕ್ಕಕ್ಕೆ ಸರಿಸಲು ಹೇಳುತ್ತದೆ. ಎಸ್‌ಎಸ್‌ಡಿಯಲ್ಲಿ ಮುಳ್ಳೂ ಇಲ್ಲ, ತಿರುಗುವ ತಟ್ಟೆಯೂ ಇಲ್ಲ, ಹಾಗಾಗಿ ಈಗ ಇದರ ಅಗತ್ಯವಿಲ್ಲ. ಆದರೂ ‘ಫ್ರೀ ಫಾಲ್ ಡೇಟಾ ಪ್ರೊಟೆಕ್ಷನ್’ ಎಂಬ ಎಸ್‌ಟಿ ಮೈಕ್ರೋಎಲೆಕ್ಟ್ರಾನಿಕ್ಸ್ ಡ್ರೈವರ್ ಹಾಕಿದೆ. ನಾಳೆ ಇನ್ಯಾರೋ ಈ ಹಳದಿ ಗುರುತು ನೋಡಿ ಗಾಬರಿಯಾಗುವುದು ಬೇಡ.

ರಾತ್ರಿ 7ಕ್ಕೆ ಪಟ್ಟಿಯಲ್ಲಿ ಒಂದೂ ಹಳದಿ ಇರಲಿಲ್ಲ. ಮುಗಿಯಿತು ಎಂದು ಮಾವನಿಗೆ ಹೇಳಿದೆ. ಅವರು ಕಟ್ಟರ್ ಆನ್ ಮಾಡಿದರು.

ಶನಿವಾರ ರಾತ್ರಿ 7:15, ಕಟ್ಟರ್ ಅಲುಗಲಿಲ್ಲ

ಕಟ್ಟರಿನಲ್ಲಿರುವುದು ಹಳೇ ಕಾಲದ ಸೀರಿಯಲ್ ಪೋರ್ಟ್. ಮಧ್ಯೆ ಒಂದು ಯುಎಸ್‌ಬಿ–ಸೀರಿಯಲ್ ಕೇಬಲ್. ಚುಚ್ಚಿದ ತಕ್ಷಣ ಹಳದಿ ಗುರುತು ಬಂತು. ಐಡಿ ವಿಐಡಿ 067ಬಿ, ಪಿಐಡಿ 2303. ಪಿಎಲ್2303 ಚಿಪ್. ತುಂಬಾ ಕಡೆ ಬಳಸುವ ಚಿಪ್ಪೇ, ಸುಲಭ ಅಂದುಕೊಂಡೆ. ಹೊಸ ಡ್ರೈವರ್ ತಂದು ಹಾಕಿದೆ. ಹೆಸರು ಬಂತು, ಹಳದಿ ಹೋಗಲಿಲ್ಲ. ಕೋಡ್ 10, ಸಾಧನ ಶುರುವಾಗುತ್ತಿಲ್ಲ.

ಪೋರ್ಟ್ ಬದಲಾಯಿಸಿದೆ. ಕೇಬಲ್ ಅಲ್ಲಾಡಿಸಿದೆ. ಡ್ರೈವರ್ ತೆಗೆದು ಮತ್ತೆ ಹಾಕಿದೆ. ರಾತ್ರಿ 10ರವರೆಗೂ ಇದೇ ಆಯಿತು. ವಿಷಯ ಇಷ್ಟೇ. ನಮ್ಮ ಕೇಬಲಿನೊಳಗೆ ಇರುವುದು ಹಳೇ ತಲೆಮಾರಿನ ಚಿಪ್. ಹೊಸ ಡ್ರೈವರಿನಲ್ಲಿ ಅದಕ್ಕೆ ಬೆಂಬಲ ಇಲ್ಲ. ಹಳೇ ಡ್ರೈವರೇ ಬೇಕು. ಅದರ ಸಿಡಿ ಎಲ್ಲೋ ಕಳೆದಿದೆ. ಯಾವ್ಯಾವುದೋ ಕಡೆಯಿಂದ ಇಳಿಸಲು, ಮಧ್ಯಾಹ್ನದ ಅನುಭವ ಆದ ಮೇಲೆ, ನನಗೆ ಧೈರ್ಯ ಬರಲಿಲ್ಲ.

ಮಲಗಿದ ಮೇಲೆ ಹೊಳೆಯಿತು. ಹೋದ ವಾರದವರೆಗೂ ಇದೇ ಕೇಬಲ್, ಇದೇ ಲ್ಯಾಪ್‌ಟಾಪಿನಲ್ಲಿ ಓಡುತ್ತಿತ್ತು ಅಲ್ವಾ? ಹಾಗಾದರೆ ಬೇಕಾದ ಡ್ರೈವರ್ ಆ ಟಕ್ ಟಕ್ ಡಿಸ್ಕಿನಲ್ಲಿ ಇರಲೇಬೇಕು.

ಭಾನುವಾರ ಬೆಳಿಗ್ಗೆ 6:30, ಹಳೇ ಡಿಸ್ಕಿನಿಂದ

ಸಾಟಾ ಕೇಬಲಿನಿಂದ ಹಳೇ ಡಿಸ್ಕನ್ನು ಯುಎಸ್‌ಬಿ 2.0 ಪೋರ್ಟಿಗೆ ಹಾಕಿದೆ. ತಿರುಗಲು ಹೊರಟು ನಿಂತುಬಿಡುತ್ತಿತ್ತು. 3.0 ಪೋರ್ಟಿಗೆ ಹಾಕಿದೆ. ಯುಎಸ್‌ಬಿ 2.0 ಕೊಡುವುದು 500 ಮಿಲಿಆಂಪ್, 3.0 ಕೊಡುವುದು 900. ಈಗ ತಿರುಗಿತು. ನಾಲ್ಕನೇ ಪ್ರಯತ್ನಕ್ಕೆ ವಿಂಡೋಸ್ ಅದನ್ನು ಡ್ರೈವ್ ಎಂದು ತೋರಿಸಿತು.

ಹೋಗಬೇಕಾದ ಜಾಗ ಇದು: ಹಳೇ ಡಿಸ್ಕಿನ ವಿಂಡೋಸ್ ಫೋಲ್ಡರ್, ಅದರೊಳಗೆ ಸಿಸ್ಟಮ್32, ಡ್ರೈವರ್‌ಸ್ಟೋರ್, ಫೈಲ್‌ರೆಪೊಸಿಟರಿ. ವಿಂಡೋಸ್ ತಾನು ಹಾಕಿಕೊಂಡ ಪ್ರತಿ ಡ್ರೈವರಿನ ಪೂರ್ತಿ ಪ್ರತಿಯನ್ನು ಇಲ್ಲಿ ಬೇರೆ ಬೇರೆ ಫೋಲ್ಡರಿನಲ್ಲಿ ಇಟ್ಟುಕೊಂಡಿರುತ್ತದೆ. ಪಿಎಲ್2303ರ ಫೋಲ್ಡರ್ ಹೆಸರು ‘ಸರ್2ಪಿಎಲ್’ ಎಂದು ಶುರುವಾಗುತ್ತದೆ. ಇತ್ತು! ಒಳಗೆ ಡ್ರೈವರಿಗೆ ಬೇಕಾದ ಐಎನ್‌ಎಫ್, ಸಿಸ್, ಕ್ಯಾಟ್ ಫೈಲ್ ಮೂರೂ ಇದ್ದವು. ಬೇರೇನೂ ಮುಟ್ಟದೆ ಮೊದಲು ಅದನ್ನು ನಕಲು ಮಾಡಿದೆ. ಆಮೇಲೆ ಇಡೀ ಫೈಲ್‌ರೆಪೊಸಿಟರಿ, 40 ನಿಮಿಷ. ಆಮೇಲೆ ಮಾವನ ಡಿಸೈನ್ ಫೋಲ್ಡರ್. ಅದರಲ್ಲಿ ಮುಕ್ಕಾಲು ಪಾಲು ಬಂದ ಮೇಲೆ ಡಿಸ್ಕ್ ಸದ್ದು ಜೋರಾಗಿ ಮಾಯವಾಯಿತು. ಮತ್ತೆ ಕಾಣಲಿಲ್ಲ.

ಇದನ್ನು ನಾನು ಶುಕ್ರವಾರವೇ ಮಾಡಬೇಕಿತ್ತು. ಒಂಬತ್ತು ಡ್ರೈವರ್‌ಗಳೂ ಆ ಒಂದು ಫೋಲ್ಡರಿನಲ್ಲಿ ಇದ್ದವು. ಡಿವೈಸ್ ಮ್ಯಾನೇಜರಿಗೆ ಆ ಫೋಲ್ಡರ್ ತೋರಿಸಿದ್ದರೆ ಆ ಡಿಸ್ಕ್ ಓದಲು ಬೇಕಾದ ಯುಎಸ್‌ಬಿ 3.0 ಡ್ರೈವರ್ ಬಿಟ್ಟು ಫೋನಿನಿಂದ ಬೇರೆ ಒಂದೂ ಇಳಿಸಬೇಕಾಗಿರಲಿಲ್ಲ. ಎರಡೂ ಕಡೆ ವಿಂಡೋಸ್ 7, ಎರಡೂ 32-ಬಿಟ್ ಆಗಿದ್ದರಿಂದ ಇದು ಸಾಧ್ಯ. ನೀವು ಹಳೇ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಲು ಹೊರಟಿದ್ದರೆ, ಫೋಟೋ, ಹಾಡುಗಳಿಗಿಂತ ಮೊದಲು ಈ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ.

ಹೊಸ ಡ್ರೈವರ್ ತೆಗೆಯುವಾಗ ‘ಡ್ರೈವರ್ ಸಾಫ್ಟ್‌ವೇರನ್ನೂ ಅಳಿಸು’ ಎಂಬ ಗುರುತು ಹಾಕಲೇಬೇಕು. ಇಲ್ಲದಿದ್ದರೆ ಕೇಬಲ್ ಚುಚ್ಚಿದಾಗಲೆಲ್ಲ ಅದೇ ಮತ್ತೆ ಬಂದು ಕೂರುತ್ತದೆ. ಆಮೇಲೆ ‘ಲೆಟ್ ಮಿ ಪಿಕ್’, ‘ಹ್ಯಾವ್ ಡಿಸ್ಕ್’, ಹಳೇ ಐಎನ್‌ಎಫ್ ತೋರಿಸಿದೆ. ಹಳದಿ ಹೋಯಿತು. ಕಾಮ್ 5 ಎಂದು ಬಂತು. ಕಾಮ್ ಅಂದರೆ ವಿಂಡೋಸ್ ಪ್ರತಿ ಸೀರಿಯಲ್ ಪೋರ್ಟಿಗೆ ಕೊಡುವ ನಂಬರ್.

ಭಾನುವಾರ 9, ಕಾಮ್ 3ರ ಜಗಳ

ಕಟ್ಟರ್ ಇನ್ನೂ ಮಾತಾಡಲಿಲ್ಲ. ಅದರ ಸಾಫ್ಟ್‌ವೇರಿನಲ್ಲಿ ಕಾಮ್ 1ರಿಂದ 4ರವರೆಗೆ ಮಾತ್ರ ಆರಿಸಲು ಬರುತ್ತದೆ. ಮಾವನ ನೆನಪಿನ ಪ್ರಕಾರ ಮೊದಲು 3 ಇತ್ತು. ಡಿವೈಸ್ ಮ್ಯಾನೇಜರಿನಲ್ಲಿ ಪೋರ್ಟ್ ಸೆಟ್ಟಿಂಗ್ಸ್, ಅಡ್ವಾನ್ಸ್ಡ್‌ಗೆ ಹೋಗಿ 3 ಆರಿಸಿದರೆ ಅದು ‘ಬಳಕೆಯಲ್ಲಿದೆ’ ಎಂದಿತು.

ಯಾರು ಹಿಡಿದಿದ್ದಾರೆ ಎಂದು ನೋಡಿದರೆ, ಇಂಟೆಲ್ ಇಂಜಿನ್ನಿನ ಆ ಸೀರಿಯಲ್ ಪೋರ್ಟ್! ದೊಡ್ಡ ಆಫೀಸುಗಳಲ್ಲಿ ದೂರದಿಂದ ಕಂಪ್ಯೂಟರ್ ನೋಡಿಕೊಳ್ಳಲು ಇರುವ ಸೌಲಭ್ಯ ಅದು. ಸ್ಟಿಕರ್ ಅಂಗಡಿಗೆ ಅದರಿಂದ ಏನೂ ಆಗಬೇಕಿಲ್ಲ. ಹಳದಿ ಗುರುತು ಹೋಗಲಿ ಎಂದಷ್ಟೇ ನಾನು ಅದನ್ನು ಎಬ್ಬಿಸಿದ್ದೆ. ಎದ್ದ ತಕ್ಷಣ ಕಾಮ್ 3ರಲ್ಲಿ ಕೂತಿತ್ತು. ಅದನ್ನು ಕಾಮ್ 8ಕ್ಕೆ ಸರಿಸಿ, ಡಿಸೇಬಲ್ ಮಾಡಿದೆ. ಕೇಬಲಿಗೆ ಕಾಮ್ 3 ಕೊಟ್ಟೆ. ಕಟ್ಟರಿನ ತಲೆ ಟರ್ ಎಂದು ಎಡಕ್ಕೆ ಸರಿಯಿತು. ಮಾವ ಅಲ್ಲಿಯವರೆಗೂ ನಿಂತೇ ಇದ್ದರು, ಆಗ ಕೂತರು.

ಭಾನುವಾರ 10, ಎರಡು ಅಡಿ ರೇಡಿಯಂ

ಮೊದಲು ಒಂದು ಸಣ್ಣ ‘ಶ್ರೀ’ ಕತ್ತರಿಸಿದೆವು. ಚೆನ್ನಾಗಿ ಬಂತು. ಧೈರ್ಯ ಮಾಡಿ ಟ್ರೇಲರಿನ ದೊಡ್ಡ ಸಾಲು ಕಳಿಸಿದೆ. ‘ತಂದೆ’ ಸರಿಯಾಗಿ ಬಂತು. ‘ತಾಯಿ’ಯ ಮಧ್ಯೆ ಚಾಕು ಒಮ್ಮೆಗೇ ಅಡ್ಡಡ್ಡ ಗೀಚಿತು. ಎರಡು ಅಡಿ ರೇಡಿಯಂ ಹಾಳು.

ಸಣ್ಣದು ಸರಿ, ದೊಡ್ಡದು ತಪ್ಪು ಎಂದರೆ, ಕಟ್ಟರ್ ತುಂಬಿಹೋಗಿದೆ, ಸ್ವಲ್ಪ ನಿಲ್ಲು ಎನ್ನುವುದು ಲ್ಯಾಪ್‌ಟಾಪಿಗೆ ಕೇಳಿಸುತ್ತಿಲ್ಲ. ಪೋರ್ಟ್ ಸೆಟ್ಟಿಂಗ್ಸಿನಲ್ಲಿ ‘ಫ್ಲೋ ಕಂಟ್ರೋಲ್’ ಎಂಬಲ್ಲಿ ‘ನನ್’ (ಯಾವುದೂ ಇಲ್ಲ) ಎಂದಿತ್ತು. ‘ಹಾರ್ಡ್‌ವೇರ್’ ಮಾಡಿದೆ. ವೇಗ 9600 ಹಾಗೇ ಬಿಟ್ಟೆ. ಮತ್ತೆ ಕಳಿಸಿದೆವು. ಈ ಸಲ ಪೂರ್ತಿ ಸಾಲು ಬಂತು. ‘ಆಶೀರ್ವಾದ’ದ ಅರ್ಕಾವತ್ತು ಬಹಳ ಸಣ್ಣದು, ಬೇಡದ ಭಾಗ ಕೀಳುವಾಗ ಅದೇ ಮೊದಲು ಏಳುತ್ತದೆ. ಮಾವ ಸೂಜಿಯಿಂದ ಒತ್ತಿ ಹಿಡಿದು ಬಿಡಿಸಿದರು. ಅಂಚು ನೀಟಾಗಿತ್ತು.

ಭಾನುವಾರ ಮಧ್ಯಾಹ್ನ, ಹೊರಡುವ ಮುಂಚೆ

ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೇ ನಿಂತಿದೆ. ಹಾಗಾಗಿ ಡ್ರೈವರ್ ಹಾಕಿದ್ದರೂ ವೈಫೈ, ತಂತಿ ನೆಟ್ ಎರಡನ್ನೂ ಡಿಸೇಬಲ್ ಮಾಡಿದೆ. ಡಿಸೈನ್ ಫೈಲ್‌ಗಳು ಪೆನ್‌ಡ್ರೈವಿನಲ್ಲಿ ಬಂದು ಹೋಗುತ್ತವೆ. ಮಾವನಿಗೆ ಇದು ಒಪ್ಪಿಗೆ.

ಹೊಸ ಪೆನ್‌ಡ್ರೈವಿನಲ್ಲಿ ಮೂರು ಫೋಲ್ಡರ್ ಇಟ್ಟೆ: ಇಳಿಸಿಕೊಂಡ 32-ಬಿಟ್ ಡ್ರೈವರ್‌ಗಳು, ಹಳೇ ಡಿಸ್ಕಿನ ಫೈಲ್‌ರೆಪೊಸಿಟರಿ, ಮತ್ತು ನೋಟ್‌ಬುಕ್ಕಿನ ಪುಟ, ಬಯೋಸ್ ಪುಟಗಳ ಫೋಟೋ. ಅದನ್ನು ಒಂದು ಸಣ್ಣ ಪ್ಲಾಸ್ಟಿಕ್ ಕವರಿಗೆ ಹಾಕಿ ಕಟ್ಟರಿನ ಮೇಲಿನ ಮೊಳೆಗೆ ನೇತುಹಾಕಿದೆ. ಮಾವ ಉಳಿದ ರೇಡಿಯಂ ಚೂರಿನಲ್ಲಿ ಒಂದು ಸಾಲು ಕತ್ತರಿಸಿ ಲ್ಯಾಪ್‌ಟಾಪಿನ ಕೀಬೋರ್ಡ್ ಕೆಳಗೆ ಅಂಟಿಸಿದರು: ‘ಕಾಮ್ 3, 9600, ಹಾರ್ಡ್‌ವೇರ್, ಎಎಚ್‌ಸಿಐ’. ಆಮೇಲೆ ಹನ್ನೆರಡರಲ್ಲಿ ಮೊದಲನೇ ಆರ್ಡರ್ ಹಾಕಿದರು. ನಾನು ಸ್ಟೇಷನ್ನಿಗೆ ಹೊರಟೆ.